ಸುಮ್ಮನೆ ಕೂತು ಬರೋಣ ಬನ್ನಿ

ಲಂಡನ್ನಿಗೆ ಬರುವ ನಮ್ಮವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಬಿಗ್ ಬೆನ್, ಟವರ್ ಬ್ರಿಡ್ಜ್, ಅರಮನೆ, ಮೇಣದ ಗೊಂಬೆಗಳ ಮ್ಯೂಸಿಯಂ, ಥೇಮ್ಸ್ ದಂಡೆಯ ದೊಡ್ಡ ರಾಟೆ. ಎರಡು ದಿನದಲ್ಲಿ ಇಷ್ಟನ್ನೂ ಮುಗಿಸಿ ಮೂರನೆಯ ದಿನ ಪ್ಯಾರಿಸ್ಸಿನ ರೈಲು ಹತ್ತಬೇಕು. ಪಟ್ಟಿಯ ತಳದಲ್ಲಿ, ಹೊತ್ತು ಮಿಕ್ಕರೆ ನೋಡೋಣ ಅನ್ನುವ ಹಾಗೆ, ಹೈಡ್ ಪಾರ್ಕ್ ಎಂದು ಬರೆದಿರುತ್ತದೆ. ಹೊತ್ತು ಎಲ್ಲಿ ಮಿಗುತ್ತದೆ, ನೀವೇ ಹೇಳಿ! ಮಿಕ್ಕರೂ ಒಂದು ಪ್ರಶ್ನೆ ಬರುತ್ತದೆ: "ಪಾರ್ಕಲ್ಲಿ ನೋಡೋಕೆ ಏನಿದೆ?" ಕೇಳುವುದು ಸರಿಯೇ. ನೋಡಲಿಕ್ಕೆ ಅಂಥದ್ದೇನೂ ಇಲ್ಲ. ಪಾರ್ಕು ಇರುವುದು ಕೂರಲಿಕ್ಕೆ.

ನಮ್ಮ ಕಡೆ ಪಾರ್ಕು ಎಂದರೆ ವಾಕಿಂಗು. ಡಾಕ್ಟರು ಶುಗರ್ ಇದೆ ಅಂದ ಮಾರನೆಯ ಬೆಳಿಗ್ಗೆ ಶೂ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಹೊರಡುತ್ತೇವೆ. ಇಷ್ಟು ಸುತ್ತು ಅಂತ ಎಣಿಸಿ ಮುಗಿಸಿ ಮನೆಗೆ ಬಂದುಬಿಡುತ್ತೇವೆ. ಸಂಜೆಯ ಪಾರ್ಕು ಮಕ್ಕಳದ್ದು. ಕೈಕಾಲು ಗಟ್ಟಿ ಇರುವ ಆಳು ಮಧ್ಯಾಹ್ನ ನಾಲ್ಕಕ್ಕೆ ಬೆಂಚಿನ ಮೇಲೆ ಏನೂ ಮಾಡದೆ ಕೂತಿದ್ದ ಅನ್ನಿ, ಗುರುತಿನವರು ಯಾರಾದರೂ ಬಂದು ಹೆಗಲ ಮೇಲೆ ಕೈಯಿಟ್ಟು, "ಏನಾತಣ್ಣ?" ಎಂದು ಕೇಳಿಯೇ ಕೇಳುತ್ತಾರೆ. ಆ ಕೇಳುವುದರಲ್ಲಿ ಇರುವ ಕಾಳಜಿ ಈ ಊರಿನಲ್ಲಿ ಸಿಗುವುದಿಲ್ಲ, ಅದನ್ನೂ ಹೇಳಿಬಿಡಬೇಕು.

ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಹೋಗುವುದಿಲ್ಲ. ನಾನು ಕೆಲಸ ಮುಗಿಸಿ ಪಾರ್ಕಿಗೆ ಬಂದು ಕೂರುವಾಗ ನಮ್ಮ ಸಂತೇಬೆನ್ನೂರಿನಲ್ಲಿ ಊಟ ಮುಗಿದು ಬಾಗಿಲು ಹಾಕುವ ಸಮಯ. ಅವ್ವ ಫೋನು ಮಾಡುವುದು ಆಗಲೇ.

"ಎಲ್ಲಿದೀಯಪ್ಪಾ?"

"ಪಾರ್ಕಲ್ಲಿ ಅವ್ವ. ಕುಂತ್ಕಂಡಿದೀನಿ."

"ಯಾರ್ ಜೊತೀಗೆ?"

"ಒಬ್ಬನೇ."

ಅತ್ತ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಮನೇಲಿ ಏನಾರ ಮಾತ್‌ಗೀತ್ ಆತಾ?" ಅಂದಳು. ಇಲ್ಲವ್ವ, ಇಲ್ಲಿ ಎಲ್ಲರೂ ಹಿಂಗೇ ಬಂದು ಕೂರ್ತಾರೆ ಎಂದು ಸಮಾಧಾನ ಹೇಳುವುದರೊಳಗೆ ಎದುರಿನ ಕೊಳದಲ್ಲಿ ಎರಡು ಹಂಸ ಈ ದಡದಿಂದ ಆ ದಡ ಸೇರಿದ್ದವು.

ಇಲ್ಲಿನ ಬೆಂಚುಗಳ ಮಾತು ಬೇರೆಯೇ. ಹತ್ತಿರ ಹೋಗಿ ನೋಡಿದರೆ ಎಷ್ಟೋ ಬೆಂಚುಗಳ ಬೆನ್ನಿಗೆ ಬೆರಳುದ್ದದ ಒಂದು ಹಿತ್ತಾಳೆ ಪಟ್ಟಿ ಬಡಿದಿರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಸಣ್ಣ ಸ್ಕ್ರೂ. ಮಳೆಗೆ ಹಸಿರು ಕಟ್ಟಿದ ಅಂಚು. ಒರಗಿದವರ ಬೆನ್ನು ತಾಗಿ ತಾಗಿ ನಡುವಿನ ಅಕ್ಷರ ಮಾತ್ರ ಫಳಫಳ. ತೀರಿಹೋದ ಯಾರದೋ ಹೆಸರು, ಈ ಜಾಗ ಅವರಿಗೆ ಬಹಳ ಇಷ್ಟವಾಗಿತ್ತು ಎಂಬ ಒಂದು ಸಾಲು. ನಮ್ಮಲ್ಲೂ ಇದು ಇಲ್ಲವೆ? ಕಲ್ಯಾಣ ಮಂಟಪದ ಫ್ಯಾನಿನ ರೆಕ್ಕೆಯ ಮೇಲೆ, ದೇವಸ್ಥಾನದ ಸ್ಟೀಲ್ ಕುರ್ಚಿಯ ಬೆನ್ನಿನ ಮೇಲೆ, ಮಠದ ಕೊಪ್ಪರಿಗೆಯ ಮೇಲೆ 'ಇಂಥವರ ಸ್ಮರಣಾರ್ಥ' ಎಂದು ಬರೆಸುತ್ತೇವಲ್ಲ. ತಿರುಗುವ ಫ್ಯಾನಿನ ಮೇಲಿನ ಹೆಸರು ಓದಬೇಕಾದರೆ ಕರೆಂಟು ಹೋಗಬೇಕು, ಅಷ್ಟೆ. ಸತ್ತವರ ಹೆಸರಿನಲ್ಲಿ ಇದ್ದವರಿಗೆ ಗಾಳಿ, ಊಟ, ಕೂರಲಿಕ್ಕೆ ಜಾಗ ಕೊಡುವ ಬುದ್ಧಿ ಎಲ್ಲ ಕಡೆಯೂ ಒಂದೇ ಎಂದು ನನಗೆ ಆ ಬೆಂಚುಗಳ ಮೇಲೆ ಕೂತಾಗೆಲ್ಲ ಖುಷಿಯಾಗುತ್ತದೆ.

ಅಂದ ಹಾಗೆ, ಈ ಹೈಡ್ ಪಾರ್ಕು ಜನರಿಗಾಗಿ ಆದದ್ದಲ್ಲ. 1536ರಲ್ಲಿ ಎಂಟನೆಯ ಹೆನ್ರಿ ಎಂಬ ರಾಜ ವೆಸ್ಟ್‌ಮಿನ್‌ಸ್ಟರ್ ಮಠದವರ ಕೈಯಿಂದ ಈ ಜಮೀನು ಕಿತ್ತುಕೊಂಡು, ಸುತ್ತ ಬೇಲಿ ಹಾಕಿಸಿ, ಒಳಗೆ ಜಿಂಕೆ ಬಿಡಿಸಿ ಬೇಟೆಯಾಡಿದ. ಅವನಿಗೆ ಬೇಕಾದದ್ದು ಬೇಟೆ. ಬೀದಿಯ ಜನ ಬಂದು ಕೂರಲಿ ಎಂದು ಅವನು ಕನಸಿನಲ್ಲೂ ಎಣಿಸಿರಲಾರ. ನೂರು ವರ್ಷ ಕಳೆದು 1637ರಲ್ಲಿ ಒಂದನೆಯ ಚಾರ್ಲ್ಸ್ ಬಾಗಿಲು ತೆಗೆಸಿದ. ಇವತ್ತಿಗೂ 350 ಎಕರೆ ಜಾಗ, ನಗರದ ನಟ್ಟನಡುವೆ, ಒಂದು ಗುಂಟೆಗೂ ಎಷ್ಟು ಬೆಲೆಯೋ ದೇವರೇ ಬಲ್ಲ, ಹಾಗೇ ಹುಲ್ಲು ಬೆಳೆದುಕೊಂಡು ಇದೆ.

ರಾಜನ ಖುಷಿಗೆ ಆದದ್ದು ಊರ ಪಾಲಾದ ಕಥೆ ನನಗೆ ಹೊಸದಲ್ಲ. ನಮ್ಮೂರ ಹೊಂಡವೂ ಹಾಗೇ ಅಲ್ಲವೆ? ಪುಸ್ತಕದಲ್ಲಿ, ಬೋರ್ಡಿನಲ್ಲಿ ಅದು ಪುಷ್ಕರಣಿ. ನಮಗೆ ಹೊಂಡ. 16ನೆಯ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ಲೆಕ್ಕ ಹಾಕಿದರೆ ಆ ಹೆನ್ರಿ ರಾಜನ ಬೇಟೆಯೂ ಅದೇ ಶತಮಾನದ್ದೇ. ನಾಲ್ಕೂ ಕಡೆ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ದಂಡೆಯ ಮೇಲೆ ಚಿಕ್ಕ ಚಿಕ್ಕ ಮಂಟಪಗಳು, ನಟ್ಟನಡುವೆ ನೀರಿನೊಳಗಿಂದಲೇ ಎದ್ದು ನಿಂತ ವಸಂತ ಮಂಟಪ. ಅದಕ್ಕೆ ಸೇತುವೆ ಇಲ್ಲ. ಕಮಾನಿನ ಮೇಲೆ ಕಮಾನು, ಅದರ ಮೇಲೆ ಗೋಪುರ, ತಳದ ಕಲ್ಲುಗಳಲ್ಲಿ ನೀರು ಏರಿ ಇಳಿದ ಪಾಚಿಗೆರೆಗಳು. ಹೋದ ವರ್ಷ ಮಳೆ ಹೇಗಾಯಿತು ಅಂತ ಯಾರನ್ನೂ ಕೇಳುವುದೇ ಬೇಡ, ಆ ಗೆರೆ ನೋಡಿದರೆ ಸಾಕು. ಬಿಜಾಪುರದ ರಣದುಲ್ಲಾಖಾನನ ದಂಡು ಬಂದು, ಊರು ಕೈಬದಲಾಗಿ, ಎದುರಿಗೆ ದೊಡ್ಡ ಮುಸಾಫಿರ್‌ಖಾನೆ ಎದ್ದಿತು. ನಾಯಕನೂ ಹೋದ, ಖಾನನೂ ಹೋದ. ಈಗ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು ಮೀನಿಗೆ ಮಂಡಕ್ಕಿ ಹಾಕುವುದು ನಾವು. ಒಂದು ಹಿಡಿ ಮಂಡಕ್ಕಿ ಬಿದ್ದರೆ ಸಾಕು, ಹಸಿರು ನೀರು ಒಮ್ಮೆಲೇ ಕುದಿಯುತ್ತದೆ; ಬಾಯಿ ಬಾಯಿ ಬಾಯಿ. ಇಲ್ಲಿ ಹೈಡ್ ಪಾರ್ಕಿನಲ್ಲಿ ಪ್ರಾಣಿಪಕ್ಷಿಗಳಿಗೆ ಏನೂ ಹಾಕಬೇಡಿ ಎಂದು ಕೇಳಿಕೊಳ್ಳುತ್ತಾರೆ. ಕಾರಣ ಸರಿಯಾದದ್ದೇ, ಪಾಲಿಸುತ್ತೇನೆ. ಆದರೂ ನೀರಿನ ದಡದಲ್ಲಿ ಕೂತಾಗ ಕೈ ತಾನಾಗಿ ಮಂಡಕ್ಕಿ ಹುಡುಕುತ್ತದೆ, ಅದಕ್ಕೇನು ಮಾಡುವುದು?

ನೀರು ಅಂದೆನಲ್ಲ. ಇಲ್ಲಿನ ಕೊಳದ ಹೆಸರು ಸರ್ಪೆಂಟೈನ್. 1730ರಲ್ಲಿ ಕ್ಯಾರೊಲಿನ್ ರಾಣಿ ವೆಸ್ಟ್‌ಬೋರ್ನ್ ಎಂಬ ಹೊಳೆಗೆ ಕಟ್ಟೆ ಹಾಕಿಸಿ ಮಾಡಿಸಿದ್ದು. ಸುಮಾರು 40 ಎಕರೆ. ನಮ್ಮ ಕಡೆಯ ದೊಡ್ಡ ಸೂಳೆಕೆರೆ ಕಂಡ ನಮಗೆ 40 ಎಕರೆ ಯಾವ ಲೆಕ್ಕ? ಆದರೆ ಊರಿನಿಂದ ಬಂದ ಹಿರಿಯರೊಬ್ಬರನ್ನು ಒಮ್ಮೆ ಇಲ್ಲಿಗೆ ಕರೆತಂದಾಗ ಅವರು ಅಗಲ ಕೇಳಲಿಲ್ಲ. "ಎಷ್ಟು ಎಕರೆಗೆ ನೀರು ಬಿಡ್ತಾರೆ?" ಎಂದು ಕೇಳಿದರು. ಒಂದು ಗದ್ದೆಗೂ ಇಲ್ಲ ಅಂದೆ. ನಂಬಲಿಲ್ಲ. ತೂಬು ಎಲ್ಲಿದೆ ಎಂದು ದಂಡೆಯುದ್ದಕ್ಕೂ ಹುಡುಕುತ್ತ ನಡೆದರು. ಸೂಳೆಕೆರೆಯ ನೀರು ಕುಡಿದು ಚಿತ್ರದುರ್ಗ ಬದುಕಿದೆ, ಗದ್ದೆ ತೋಟ ಬದುಕಿವೆ. ಸುಮ್ಮನೆ ನೋಡಲಿಕ್ಕೆ ಅಂತ ಒಂದು ಕೆರೆ ಇದ್ದೀತು ಎಂದು ಅವರ ಮನಸ್ಸು ಒಪ್ಪಲಿಲ್ಲ.

ನೋಡಲಿಕ್ಕೆ ಮಾತ್ರ ಅಲ್ಲ, ಈಜಲಿಕ್ಕೂ ಉಂಟು. 1864ರಿಂದ ಇಲ್ಲೊಂದು ಈಜುಗಾರರ ಸಂಘ ಇದೆ. ಕ್ರಿಸ್‌ಮಸ್ ದಿನದ ಬೆಳಿಗ್ಗೆ ಆ ಕೊರೆಯುವ ನೀರಿಗೆ ಹಾರಿ ಪಂದ್ಯ ಕಟ್ಟುತ್ತಾರೆ! 1904ರಲ್ಲಿ ಅದಕ್ಕೆ ಕಪ್ಪು ಕೊಟ್ಟವರು 'ಪೀಟರ್ ಪ್ಯಾನ್' ಬರೆದ ಜೆ.ಎಂ. ಬ್ಯಾರಿ, ಇಂದಿಗೂ ಅದು ಪೀಟರ್ ಪ್ಯಾನ್ ಕಪ್ಪು. ಗಂಡಸರು ಹೆಂಗಸರು ಮಕ್ಕಳು ಎಲ್ಲರೂ ಒಟ್ಟಿಗೆ ನೀರಿಗಿಳಿಯುವಂತೆ 1930ರಲ್ಲಿ ಸ್ನಾನದ ದಡ ಮಾಡಿಸಿಕೊಟ್ಟವರು ಜಾರ್ಜ್ ಲ್ಯಾನ್ಸ್‌ಬರಿ ಎಂಬ ಮಂತ್ರಿ. ಕೂಲಿಯವರ ಮಕ್ಕಳಿಗೆ ಸಮುದ್ರ ಕಾಣುವ ಯೋಗವಿಲ್ಲ, ಇಲ್ಲಾದರೂ ಈಜಲಿ ಎನ್ನುವ ಅಂತಃಕರಣದ ಮನುಷ್ಯ. ಇಂಥ ಒಬ್ಬ ಮಂತ್ರಿ ಇದ್ದರೆ ಒಂದು ಊರಿನ ಎಷ್ಟು ತಲೆಮಾರು ನೆನೆಸಿಕೊಳ್ಳುತ್ತದೆ ನೋಡಿ.

ಕೂರುವ ಜಾಗದ ಬೆಲೆ ತಿಳಿಯುವುದು ಅದು ಇಲ್ಲವಾದಾಗ. 1665ರ ಪ್ಲೇಗಿನಲ್ಲಿ ಲಂಡನ್ನಿನ ಜನ ಮನೆ ಬಿಟ್ಟು ಇದೇ ಹೈಡ್ ಪಾರ್ಕಿನಲ್ಲಿ ಬಿಡಾರ ಹೂಡಿದ್ದರು. ಓದಿದಾಗ ಮೈ ಜುಮ್ಮೆಂದಿತು. ಅಜ್ಜಿ ಹೇಳುತ್ತಿದ್ದದ್ದೂ ಅದೇ ತಾನೆ? ಮನೆಯಲ್ಲಿ ಇಲಿ ಬಿತ್ತು ಅಂದರೆ ಊರು ಖಾಲಿ. ಹೊಲದಲ್ಲಿ ಗುಡಿಸಲು, ಒಲೆಗೆ ಮೂರು ಕಲ್ಲು, ಪ್ಲೇಗಮ್ಮನಿಗೆ ಮೊಸರನ್ನದ ಎಡೆ. 2020ರ ವಸಂತದಲ್ಲಿ ಕೊರೋನಾ ಬಂದಾಗ ಮಾತ್ರ ಪಾರ್ಕು ಹಾಗೆ ಆಸರೆಯಾಗಲಿಲ್ಲ; ಇಲ್ಲಿ ದಿನಕ್ಕೊಮ್ಮೆ ವ್ಯಾಯಾಮಕ್ಕೆ ಮಾತ್ರ ಹೊರಗೆ ಬರಬಹುದಿತ್ತು. ನಡೆಯಬಹುದು, ಓಡಬಹುದು, ಕೂರುವ ಹಾಗಿಲ್ಲ. ಬೆಂಚುಗಳೆಲ್ಲ ಖಾಲಿ. ಚೆರ್ರಿ ಹೂವು ಆ ವರ್ಷವೂ ಬಿಟ್ಟಿತ್ತು, ನಿಂತು ನೋಡುವವರಿಲ್ಲ. ಅದೇ ತಿಂಗಳುಗಳಲ್ಲಿ ನಮ್ಮ ದೇಶದಲ್ಲಿ ಪುರಾತತ್ವ ಇಲಾಖೆಯ ಸ್ಮಾರಕಗಳಿಗೂ ಬೀಗ ಬಿದ್ದಿತ್ತು, ನಮ್ಮ ಹೊಂಡದ ಗೇಟಿಗೂ. ಮೇ ತಿಂಗಳಲ್ಲಿ ಇಲ್ಲಿ ಕೂರಬಹುದು ಅಂದ ದಿನ ಜನ ಬಂದು ಹುಲ್ಲಿನ ಮೇಲೆ ಕೂತ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಕೂತದ್ದೇ ದೊಡ್ಡದಾಗಿತ್ತು.

ಎಲ್ಲಿಂದೆಲ್ಲಿಗೋ ಬಂದೆ. ಹಾಂ, ರಾಜರ ಮಾತು. ಪಾರ್ಕಿನ ಆಗ್ನೇಯ ಮೂಲೆಗೆ ಬನ್ನಿ, ಒಂದು ಸಂಗತಿ ತೋರಿಸುತ್ತೇನೆ. ನಮ್ಮ ಚನ್ನಗಿರಿ ತಾಲ್ಲೂಕಿನವರು ಯಾರಾದರೂ ಹೈಡ್ ಪಾರ್ಕಿಗೆ ಬಂದರೆ ನಾನು ಮೊದಲು ಕರೆದೊಯ್ಯುವುದು ಅಲ್ಲಿಗೇ. ಅಲ್ಲಿ ಕಂಬಗಳ ದೊಡ್ಡ ಮನೆಯೊಂದಿದೆ, ಆಪ್ಸ್‌ಲಿ ಹೌಸ್. ಡ್ಯೂಕ್ ಆಫ್ ವೆಲಿಂಗ್ಟನ್ ಇದ್ದ ಮನೆ. ನೆಪೋಲಿಯನ್ನನನ್ನು ವಾಟರ್‌ಲೂನಲ್ಲಿ ಸೋಲಿಸಿದವನು. ಪಾರ್ಕಿನೊಳಗೆ ಅವನ ಗೌರವಕ್ಕೆಂದು 1822ರಲ್ಲಿ ನಿಲ್ಲಿಸಿದ ಅಕಿಲೀಸನ ದೊಡ್ಡ ಕಂಚಿನ ಮೂರ್ತಿ ಇದೆ, ಶತ್ರುಗಳಿಂದ ಗೆದ್ದ ಫಿರಂಗಿ ಕರಗಿಸಿ ಎರಕ ಹೊಯ್ದದ್ದು. ಪ್ರವಾಸಿಗಳು ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನಾವು ಹೋಗುವ ಹಾಗಿಲ್ಲ. ಯಾಕೆಂದರೆ ಈ ವೆಲಿಂಗ್ಟನ್ ಅಂದರೆ ನಮ್ಮ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದವನು. ಆ ಮನೆಯನ್ನು ಅವನು 1817ರಲ್ಲಿ ಕೊಂಡದ್ದು ಯಾರಿಂದ ಗೊತ್ತೆ? ಸ್ವಂತ ಅಣ್ಣ ರಿಚರ್ಡ್ ವೆಲ್ಲೆಸ್ಲಿಯಿಂದ. ಟಿಪ್ಪುವಿನ ಮೇಲೆ ಯುದ್ಧ ಹೂಡಿದ ಗವರ್ನರ್ ಜನರಲ್ ಅವನೇ.

ಇಷ್ಟಕ್ಕೇ ಮುಗಿಯಲಿಲ್ಲ. ಶ್ರೀರಂಗಪಟ್ಟಣ ಬಿದ್ದ ದಿನಗಳಲ್ಲಿ ಅಲ್ಲಿನ ಸೆರೆಯಿಂದ ಒಬ್ಬ ಹೊರಬಂದ. ಧೋಂಡಿಯ ವಾಘ್. ಹುಟ್ಟಿದೂರು ಚನ್ನಗಿರಿ. ಹೌದು, ನಮ್ಮ ಬಸ್ಸು ದಿನಾ ಹೋಗಿ ಬರುವ ಚನ್ನಗಿರಿ. ಹೈದರನ ಸೈನ್ಯದಲ್ಲಿ ಬೆಳೆದವನು, ಟಿಪ್ಪುವಿನ ಕೈಯಲ್ಲಿ ಸೆರೆಯಾದವನು. ಬಿಡುಗಡೆಯಾದದ್ದೇ ತಡ, ಕೆಲಸವಿಲ್ಲದೆ ಚದುರಿಹೋಗಿದ್ದ ಸಿಪಾಯಿಗಳನ್ನು ಕೂಡಿಸಿಕೊಂಡು ಬಿದನೂರು ಸೀಮೆಯಲ್ಲಿ ಎದ್ದು ನಿಂತ. ಎರಡೂ ಲೋಕಕ್ಕೆ ತಾನೇ ದೊರೆ ಎಂದು ಬಿರುದು ಇಟ್ಟುಕೊಂಡ. ಕಂಪನಿಯವರಿಗೆ ಅವನು ದರೋಡೆಗಾರ. ನನಗೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ. ವರ್ಷಕ್ಕೂ ಮೇಲೆ ಕಂಪನಿ ಸೈನ್ಯವನ್ನು ತುಂಗಭದ್ರೆಯ ಆಚೆ ಈಚೆ ಅಲೆಸಿದ. ಕೊನೆಗೆ 1800ರ ಸೆಪ್ಟೆಂಬರಿನಲ್ಲಿ ಕೋಣಗಲ್ ಬಳಿ ವೆಲ್ಲೆಸ್ಲಿಯೇ ಕುದುರೆ ದಂಡು ಕಟ್ಟಿಕೊಂಡು ಬಂದು ಮೇಲೆ ಬಿದ್ದ. ಧೋಂಡಿಯ ಅಲ್ಲೇ ಮಡಿದ.

ಇದರ ಬಾಲಕ್ಕೆ ಒಂದು ಉಪಕಥೆ ಇದೆ, ನನ್ನ ಮನಸ್ಸು ಹೆಚ್ಚು ತಿರುಗುವುದು ಅದರ ಸುತ್ತ. ಯುದ್ಧ ಮುಗಿದ ಮೇಲೆ ಸಾಮಾನು ಸರಂಜಾಮಿನ ನಡುವೆ ಧೋಂಡಿಯನ ಪುಟ್ಟ ಮಗ ಸಿಕ್ಕಿದ, ಸಲಾಬತ್ ಖಾನ್. ವೆಲ್ಲೆಸ್ಲಿ ಆ ಹುಡುಗನನ್ನು ತನ್ನ ಡೇರೆಗೆ ಕರೆದೊಯ್ದ. ಇಂಡಿಯಾ ಬಿಟ್ಟು ಹೊರಡುವಾಗ ಅವನ ಖರ್ಚಿಗೆಂದು ಹಣ ಇಟ್ಟುಹೋದ. ಅಪ್ಪನನ್ನು ಕೊಂದ ಕೈಯೇ ಮಗನಿಗೆ ಅನ್ನ ಹಾಕಿತು. ಇದನ್ನು ದೊಡ್ಡಗುಣ ಎನ್ನಬೇಕೋ, ಪ್ರಾಯಶ್ಚಿತ್ತ ಎನ್ನಬೇಕೋ? ಆ ಮೂರ್ತಿಯ ಕೆಳಗೆ ನಿಂತು ಎಷ್ಟು ಯೋಚಿಸಿದರೂ ನನಗೆ ಬಗೆಹರಿಯುವುದಿಲ್ಲ. ಒಂದು ಮಾತ್ರ ಅನ್ನಿಸುತ್ತದೆ: ವಾಟರ್‌ಲೂ ಹೆಸರು ಇಲ್ಲಿ ರೈಲ್ವೆ ಸ್ಟೇಷನ್ನಿಗೆ, ಸೇತುವೆಗೆ, ರಸ್ತೆಗೆ ಉಂಟು. ಚನ್ನಗಿರಿಯ ಧೋಂಡಿಯನ ಹೆಸರು ನಮ್ಮ ಶಾಲೆಯ ಪಾಠದಲ್ಲಾದರೂ ಗಟ್ಟಿಯಾಗಿ ಕೇಳಬೇಕಿತ್ತು. ಊರು ಬಿಟ್ಟು ಇಷ್ಟು ದೂರ ಬಂದು, ಪರದೇಶದ ಪಾರ್ಕಿನ ಮೂಲೆಯಲ್ಲಿ ನಿಂತು, ಪಕ್ಕದೂರಿನವನ ಕಥೆ ಪುಸ್ತಕ ತೆರೆದು ಕಲಿಯಬೇಕಾಯಿತಲ್ಲ.

ವೆಲಿಂಗ್ಟನ್ ಅಂದಾಗ ಗುಬ್ಬಚ್ಚಿ ನೆನಪಾಗುತ್ತದೆ. 1851ರಲ್ಲಿ ಇದೇ ಪಾರ್ಕಿನಲ್ಲಿ ಜಗತ್ತಿನ ದೊಡ್ಡ ವಸ್ತುಪ್ರದರ್ಶನ ಆಯಿತು. ಅದಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬಾತ ಕಬ್ಬಿಣ ಮತ್ತು ಗಾಜಿನಲ್ಲಿ ಒಂದು ಅರಮನೆ ಕಟ್ಟಿದ. ಅವನು ಮೂಲತಃ ತೋಟಗಾರ, ಅದನ್ನು ಮರೆಯಬೇಡಿ. ಮರ ಕಡಿಯಬಾರದು ಎಂದು ಜನ ಗಲಾಟೆ ಮಾಡಿದ್ದರಿಂದ ದೊಡ್ಡ ಮರಗಳನ್ನು ಒಳಗೇ ಬಿಟ್ಟು ಮೇಲೆ ಗಾಜು ಹೊದಿಸಿದರು. ಮರದ ಜೊತೆ ಗುಬ್ಬಚ್ಚಿಗಳೂ ಒಳಗೇ ಉಳಿದವು. ರೇಷ್ಮೆ, ರತ್ನಗಂಬಳಿ, ಕೊಹಿನೂರು ವಜ್ರ ಇಟ್ಟ ಕಡೆ ಗುಬ್ಬಚ್ಚಿ ಹಿಕ್ಕೆ! ಆಗಿನ ರಾಣಿ ಮುದಿ ವೆಲಿಂಗ್ಟನ್ನನನ್ನು ಕರೆಸಿ ಕೇಳಿದಳಂತೆ, ಅವನು ಗಿಡುಗ ಬಿಡಿಸಿ ಅಂದನಂತೆ. ನಡೆದದ್ದೋ ಕಟ್ಟಿದ್ದೋ, ಕಥೆ ಚೆನ್ನಾಗಿದೆ. ಪ್ರದರ್ಶನ ನಡೆದ ಐದೂವರೆ ತಿಂಗಳಲ್ಲಿ 60 ಲಕ್ಷ ಜನ ಬಂದು ನೋಡಿದರು. ಪ್ರದರ್ಶನ ಮುಗಿದ ಮೇಲೆ ಗಾಜಿನ ಮನೆಯನ್ನು ಬಿಚ್ಚಿ ಊರಾಚೆ ಒಯ್ದು ಮತ್ತೆ ಕಟ್ಟಿದರು. 1936ರಲ್ಲಿ ಅದು ಸುಟ್ಟುಹೋಯಿತು.

ಇಲ್ಲಿ ಸುಟ್ಟುಹೋದದ್ದರ ನೆರಳು ನಮ್ಮಲ್ಲಿ ನಿಂತಿದೆ. ಲಾಲ್‌ಬಾಗಿನ ಗಾಜಿನ ಮನೆಗೆ ಇದೇ ಮಾದರಿ. 1889ರಲ್ಲಿ ಅಡಿಗಲ್ಲು; ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದವರು ಲಂಡನ್ನಿನದೇ ಕ್ಯೂ ಎಂಬ ಸಸ್ಯತೋಟದಿಂದ ಬಂದ ಜಾನ್ ಕ್ಯಾಮೆರಾನ್. ನಮ್ಮ ಸೀಮೆಬದನೆಕಾಯಿಯನ್ನು ಬೆಂಗಳೂರಿಗೆ ತಂದವರೂ ಅವರೇ ಎನ್ನುತ್ತಾರೆ. ಅವರ ನಂತರ 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಗುಸ್ತಾವ್ ಕ್ರುಂಬಿಗೆಲ್ ಅವರ ವಿಷಯ ಕೇಳಿ. ಹರೆಯದಲ್ಲಿ, 1888ರ ಸುಮಾರಿಗೆ, ಅವರು ಇದೇ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿ ಮಾಡುತ್ತಿದ್ದರು! ಇಲ್ಲಿಂದ ಕ್ಯೂ, ಅಲ್ಲಿಂದ ಬರೋಡ, ಅಲ್ಲಿಂದ ನಾಲ್ವಡಿಯವರ ಮೈಸೂರು ಸಂಸ್ಥಾನ. ಒಂದು ಜಾತಿ ಮರ ಹೂ ಉದುರಿಸುವಾಗ ಇನ್ನೊಂದು ಅರಳಬೇಕು, ವರ್ಷವಿಡೀ ಬೆಂಗಳೂರಿನ ಒಂದಲ್ಲ ಒಂದು ಬೀದಿ ಹೂವಿನಲ್ಲಿರಬೇಕು ಎಂದು ಲೆಕ್ಕ ಹಾಕಿ ಸಾಲುಮರ ನೆಡಿಸಿದವರು. ಎರಡೂ ಮಹಾಯುದ್ಧಗಳಲ್ಲಿ ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷರು ಬಂಧನದಲ್ಲಿಟ್ಟರು. ಆದರೂ ಊರು ಬಿಡಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ಮಣ್ಣಾದರು. ಹೊರದೇಶದಲ್ಲಿ ಬದುಕುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಅವರನ್ನು ತೋರಿಸುತ್ತೇನೆ. ಹೋದ ಊರಿಗೆ ನೆರಳು ಕೊಟ್ಟವರು.

ಗಾಜಿನ ಮನೆಯ ಸಂತಾನ ಈಗ ದಾವಣಗೆರೆಗೂ ಬಂದಿದೆ, ಕುಂದವಾಡ ಕೆರೆಯ ಹತ್ತಿರ. ಲಾಲ್‌ಬಾಗಿನದಕ್ಕಿಂತ ನಮ್ಮದೇ ದೊಡ್ಡದು ಎಂದು ದಾವಣಗೆರೆಯವರು ಎದೆಯುಬ್ಬಿಸಿ ಹೇಳುತ್ತಾರೆ. ಹೇಳಲಿ. ನೋಡಿ ಬಂದು ಬೆಣ್ಣೆದೋಸೆ ತಿಂದು, ಅಲ್ಲಿಂದ ಬಸ್ಸು ಹತ್ತಿ ಸಂತೇಬೆನ್ನೂರಿಗೂ ಒಂದು ಸಲ ಇಳಿಯಿರಿ ಎನ್ನುವುದು ನನ್ನ ಬಿನ್ನಹ.

ಗಿಳಿಯ ಸುದ್ದಿ ಹೇಳದಿದ್ದರೆ ಈ ಹರಟೆ ಅರ್ಧವೇ. ಹೈಡ್ ಪಾರ್ಕಿಗೆ ಅಂಟಿಕೊಂಡ ಕೆನ್ಸಿಂಗ್ಟನ್ ತೋಟದಲ್ಲಿ ಗಿಳಿಗಳಿವೆ. ಪಂಜರದಲ್ಲಲ್ಲ, ಮರದಲ್ಲಿ, ಹಿಂಡು ಹಿಂಡು. ಕೆಂಪು ಕೊಕ್ಕು, ಕೊರಳಿಗೆ ಗುಲಾಬಿ ಪಟ್ಟಿ, ಅದೇ ಕಿರುಚು. ನಮ್ಮ ಹೊಲಗಳ ಮೇಲೆ ಹಾರುವ ಜಾತಿಯೇ. ಹಿಂದೆ ಯಾರೋ ಸಾಕಿದ್ದವು ತಪ್ಪಿಸಿಕೊಂಡು ಬೆಳೆದ ಸಂಸಾರ. ಜಿಮಿ ಹೆಂಡ್ರಿಕ್ಸ್ ಎಂಬ ಗಿಟಾರ್ ವಾದಕ ಜೋಡಿಯೊಂದನ್ನು ಹಾರಿಬಿಟ್ಟನೆಂದು ಕಥೆ ಹೇಳುವವರಿದ್ದಾರೆ; ಸಂಶೋಧಕರು ಅದನ್ನು ಒಪ್ಪುವುದಿಲ್ಲ. ಹೇಗಾದರೂ ಬಂದಿರಲಿ, ಹಿಮ ಬಿದ್ದರೂ ಜಗ್ಗದೆ ನಿಂತಿವೆ. ಬೇಡವೆಂದರೂ ಕೇಳದೆ ಜನ ಸೇಬಿನ ಹೋಳು ಹಿಡಿದು ಕೈ ಚಾಚುತ್ತಾರೆ. ಗಿಳಿ ಬಂದು ಮಣಿಕಟ್ಟಿನ ಮೇಲೆ ಕೂರುತ್ತದೆ, ಒಂದು ಕಾಲಿನಲ್ಲಿ ಹೋಳು ಎತ್ತಿಕೊಳ್ಳುತ್ತದೆ, ತಿರುಳು ಬಿಟ್ಟು ಬೀಜ ಹುಡುಕುತ್ತದೆ.

ಇದನ್ನು ವಿಡಿಯೋ ಮಾಡಿ ಊರಿಗೆ ಕಳಿಸಿದೆ. ದೊಡ್ಡಪ್ಪ ಮೆಕ್ಕೆಜೋಳ ಬೆಳೆಯುವವರು. ತೆನೆ ಹಾಲುಗಟ್ಟುವ ಹೊತ್ತಿಗೆ ಬೆಳಗಾಗುವ ಮುಂಚೆ ಹೋಗಿ ಡಬ್ಬ ಬಡಿದು ಗಿಳಿ ಓಡಿಸಿ ಓಡಿಸಿ ಹೈರಾಣಾದವರು. ರಾತ್ರಿಯೇ ಫೋನು ಬಂತು.

"ಸೇಬು ಹಣ್ಣಾ ತಿನ್ನಿಸ್ತಿದಾರೆ ಅವಕ್ಕೆ?"

"ಹ್ಞೂಂ ದೊಡ್ಡಪ್ಪ."

"ಅಲ್ಲೆಲ್ಲ ಜ್ವಾಳ ಹಾಕ್ತಾರಾ, ಸುತ್ತಮುತ್ತ?"

"ಇಲ್ಲ. ಸಿಟಿ ಅಲ್ವಾ."

"ಅದುಕ್ಕೇ ಮತ್ತೆ," ಅಂದರು. "ಇಲ್ಲಿ ಬಂದು ಒಂದು ತಿಂಗಳು ಹೊಲ ಕಾಯಾಕೆ ಹೇಳು, ಆಮ್ಯಾಲೆ ಸೇಬು ಕೊಡ್ತಾರಾ ನೋಡಾನ." ಆಮೇಲೆ ಮಾತು ಮಳೆಗೆ ಹೊರಳಿತು, ಮಳೆಯಿಂದ ಅಡಿಕೆ ರೇಟಿಗೆ, ರೇಟಿನಿಂದ ಯಾರದೋ ಮದುವೆಗೆ. ಅವರಿಗೂ ಅವತ್ತು ನಿದ್ದೆಯ ಆತುರ ಇರಲಿಲ್ಲ.